ಗೊತ್ತಿಲ್ಲದ ಪದ ಎದುರಾದಾಗ: ಸಂದರ್ಭ ನೋಡಿ ಅರ್ಥ ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು, ಪಾಲಕರು, ಆಚೀಚೆ ಊರಿನ ಶಿಕ್ಷಕರು ವರ್ಷ ವರ್ಷ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅಂತ ಇಲ್ಲಿ ಬರೆದಿದ್ದೇನೆ. ಮೊದಲಿನಿಂದಲೇ ಓದಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಂದ ಓದಿ.

ಸಂದರ್ಭದ ಸುಳಿವು ಅಂದರೆ ಏನು?

ಒಂದು ಪದದ ಅರ್ಥ ಗೊತ್ತಿಲ್ಲದಿದ್ದಾಗ ಅದರ ಹಿಂದೆ ಮುಂದೆ ಇರುವ ಮಾತುಗಳೇ ಅರ್ಥದ ಸುಳಿವು ಕೊಡುತ್ತವೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಹೊತ್ತಿನಲ್ಲಿ ಹೇಳಿದರು ಅನ್ನುವುದೂ ಸುಳಿವೇ. ಇದಿಷ್ಟೂ ಸೇರಿ ಸಂದರ್ಭ.

ನಮ್ಮ ಕಡೆಯ ಮಕ್ಕಳಿಗೆ ಇದು ಹೊಸದೇನಲ್ಲ. "ಹಚ್ಚು" ಅನ್ನುವ ಒಂದೇ ಪದ ತೆಗೆದುಕೊಳ್ಳಿ. ಸಂಜೆ ಅವ್ವ "ದೀಪ ಹಚ್ಚು" ಅಂದರೆ ಕಡ್ಡಿ ಗೀರಬೇಕು. "ಮುಲಾಮ ಹಚ್ಚು" ಅಂದರೆ ಸವರಬೇಕು. "ಹಿತ್ತಲದಾಗ ಒಂದು ಗಿಡ ಹಚ್ಚು" ಅಂದರೆ ನೆಡಬೇಕು. "ಮಾಮಾಗ ಫೋನ್ ಹಚ್ಚು" ಅಂದರೆ ಕರೆ ಮಾಡಬೇಕು. "ಹುಡುಗನ್ನ ಸಾಲಿಗೆ ಹಚ್ಚು" ಅಂದರೆ ಶಾಲೆಗೆ ಸೇರಿಸಬೇಕು. ಇದನ್ನು ಯಾರೂ ಪಟ್ಟಿ ಮಾಡಿ ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ. ಪಕ್ಕದಲ್ಲಿ ದೀಪ ಇದೆಯೋ, ಗಿಡ ಇದೆಯೋ, ಫೋನ್ ಇದೆಯೋ ನೋಡಿ ಅವರೇ ಅರ್ಥ ಹಿಡಿಯುತ್ತಾರೆ. ನಾನು ತರಗತಿಯಲ್ಲಿ ಹೇಳುವುದು ಇಷ್ಟೇ: ಕಿವಿಯಲ್ಲಿ ಬಂದಾಗ ಮಾಡುವ ಕೆಲಸವನ್ನು ಕಣ್ಣಲ್ಲಿ ಬಂದಾಗಲೂ ಮಾಡಿ.

ಹಾಗಿದ್ದರೆ ಪುಸ್ತಕ ಹಿಡಿದ ಕೂಡಲೇ "ಸರ, ಇದರ ಅರ್ಥ ಏನ್ರಿ?" ಅಂತ ಯಾಕೆ ನಿಂತುಬಿಡುತ್ತಾರೆ?

ಮಾತು ಕೇಳುವಾಗ ಎದುರಿಗೆ ಮುಖ ಇರುತ್ತದೆ, ಕೈಸನ್ನೆ ಇರುತ್ತದೆ, ಆ ವಸ್ತುವೇ ಕಣ್ಣ ಮುಂದೆ ಇರುತ್ತದೆ. ಪುಟದಲ್ಲಿ ಅದ್ಯಾವುದೂ ಇಲ್ಲ, ಬರೀ ಅಕ್ಷರ. ಇದು ಒಂದು ಕಾರಣ. ಇನ್ನೊಂದು ನಾವೇ ಮಾಡಿದ ಅಭ್ಯಾಸ. ಪಾಠದ ಜೊತೆಗೆ ಪದಗಳ ಅರ್ಥದ ಪಟ್ಟಿ ಇರುತ್ತದೆ, ಗೈಡಿನಲ್ಲಂತೂ ಎಲ್ಲ ಸಿದ್ಧವಾಗಿ ಸಿಗುತ್ತದೆ. ಮಗು ಮೊದಲು ಪಟ್ಟಿ ನೋಡಿ ಆಮೇಲೆ ಪಾಠ ಓದುತ್ತದೆ. ಊಹಿಸಲು ಏನೂ ಉಳಿದಿರುವುದಿಲ್ಲ. ಪಟ್ಟಿಯ ಮೇಲೆ ಒಂದು ಕಾಗದ ಇಟ್ಟು ಮುಚ್ಚಿ, ಪಾಠ ಒಮ್ಮೆ ಪೂರ್ತಿ ಓದಿಸಿ, ಆಮೇಲೆ ತೆರೆಯಿರಿ. ಇಷ್ಟು ಮಾಡಿದರೂ ಸಾಕು, ವ್ಯತ್ಯಾಸ ಕಾಣುತ್ತದೆ.

ಪುಟದಲ್ಲಿ ಸುಳಿವು ಎಲ್ಲಿ ಹುಡುಕಬೇಕು? ಒಂದು ಉದಾಹರಣೆ ಕೊಡಿ.

ಈ ಸಾಲುಗಳನ್ನು ಓದಿ. ತರಗತಿಗೆ ಅಂತ ನಾನೇ ಬರೆದದ್ದು.

"ಆ ವರ್ಷ ಹಿಂಗಾರಿ ಕೈಕೊಟ್ಟಿತು. ದೀಪಾವಳಿ ದಾಟುವಷ್ಟರಲ್ಲಿ ಮನೆಯ ಚೀಲಗಳು ಬರಿದಾದವು. ಯಜಮಾನರು ಹಗೇವಿನ ಬಾಯಿಯ ಮಣ್ಣು ಸರಿಸಿ ಕಲ್ಲು ಎತ್ತಿಸಿದರು. ಗಾಳಿಯಾಡಲಿ ಅಂತ ಬಹಳ ಹೊತ್ತು ಬಿಟ್ಟು, ಆಮೇಲೆ ಒಬ್ಬನನ್ನು ಒಳಗೆ ಇಳಿಸಿದರು. ಅವನು ತುಂಬಿ ಕೊಟ್ಟ ಮೊದಲ ಬುಟ್ಟಿ ಮೇಲೆ ಬಂದಾಗ ಅಂಗಳದಲ್ಲಿ ನಿಂತವರ ಮುಖ ಅರಳಿತು."

"ಹಗೇವು" ಅಂದರೆ ಏನು? ಈಗಿನ ಬಹಳ ಮಕ್ಕಳು ಅದನ್ನು ಕಂಡಿಲ್ಲ. ಜೋಳ ಈಗ ಚೀಲದಲ್ಲೇ ಇರುತ್ತದೆ, ಇಲ್ಲವೇ ಸೀದಾ ಮಾರುಕಟ್ಟೆಗೆ ಹೋಗುತ್ತದೆ. ಸರಿ, ಸಾಲು ಸಾಲಾಗಿ ನೋಡೋಣ. ಬಾಯಿ ಇದೆ ಅಂದಮೇಲೆ ಒಳಗೆ ಟೊಳ್ಳಾಗಿರುವ ಏನೋ ಒಂದು. ಬಾವಿ ಇರಬಹುದಾ? ಮಣ್ಣು ಸರಿಸಿ ಕಲ್ಲು ಎತ್ತಿಸಿದರು ಅಂತಿದೆ. ದಿನಾ ನೀರು ಸೇದುವ ಬಾವಿಯನ್ನು ಯಾರೂ ಮಣ್ಣು ಹಾಕಿ ಮುಚ್ಚುವುದಿಲ್ಲ. ಬಾವಿ ಅಲ್ಲ. ಒಳಗೆ ಇಳಿಸಿದರು ಅಂದರೆ ಅದು ನೆಲದ ಕೆಳಗಿದೆ, ಮನುಷ್ಯ ಇಳಿಯುವಷ್ಟು ದೊಡ್ಡದಿದೆ. ಗಾಳಿಯಾಡಲಿ ಅಂತ ಬಿಟ್ಟರು ಅಂದರೆ ಬಹಳ ದಿನದಿಂದ ಮುಚ್ಚಿತ್ತು. ಕೊನೆಗೆ ಬುಟ್ಟಿ ತುಂಬಿ ಮೇಲೆ ಬಂತು. ಏನು ತುಂಬಿತ್ತು? ಅದನ್ನು ಎರಡನೇ ಸಾಲು ಮೊದಲೇ ಹೇಳಿದೆ: ಮನೆಯ ಚೀಲಗಳು ಬರಿದಾಗಿದ್ದವು. ಹಾಗಾದರೆ ಬಂದದ್ದು ಕಾಳು. ಹಗೇವು ಅಂದರೆ ನೆಲದೊಳಗೆ ಕಾಳು ಕೂಡಿಡುವ ಕುಣಿ.

ಇಲ್ಲಿ ಒಂದು ವಿಷಯ ಗಮನಿಸಿ. ಅರ್ಥದ ಸುಳಿವು ಆ ಪದ ಇರುವ ವಾಕ್ಯದಲ್ಲಷ್ಟೇ ಇರಲಿಲ್ಲ. ಒಂದು ಸಾಲು ಹಿಂದೆ ಇತ್ತು, ಎರಡು ಸಾಲು ಮುಂದೆಯೂ ಇತ್ತು. ಬಹಳ ಮಕ್ಕಳು ಆ ಪದದ ಹತ್ತಿರವೇ ನಿಂತುಬಿಡುತ್ತಾರೆ. ನಿಲ್ಲಬೇಡಿ. ಪ್ಯಾರಾ ಮುಗಿಸಿ, ಆಮೇಲೆ ಹಿಂದಕ್ಕೆ ಬನ್ನಿ.

ಸುಳಿವು ಕೊಡುವ ಪದಗಳು ಅಂತ ಕೆಲವು ಇವೆಯಾ?

ಇವೆ. "ಅಂದರೆ", "ಎಂದರೆ", "ಎಂಬ" ಬಂದರೆ ಬರೆದವರೇ ಅರ್ಥ ಬಿಡಿಸಿ ಹೇಳುತ್ತಿದ್ದಾರೆ. "ಮುಂತಾದ", "ಮೊದಲಾದ" ಬಂದರೆ ಹಿಂದಿರುವ ಉದಾಹರಣೆ ನೋಡಿ. "ಕೂರಿಗೆ, ಕುಂಟೆ, ನೇಗಿಲು ಮುಂತಾದ ಸಲಕರಣೆಗಳು" ಅಂದಾಗ ಸಲಕರಣೆ ಗೊತ್ತಿಲ್ಲದಿದ್ದರೂ ನೇಗಿಲು ಗೊತ್ತಿರುತ್ತದೆ. "ಆದರೆ", "ಬದಲು" ಬಂದರೆ ಎರಡು ಕಡೆ ಎರಡು ವಿರುದ್ಧ ಅರ್ಥ ಇರುವ ಸಾಧ್ಯತೆ ಜಾಸ್ತಿ.

ಕನ್ನಡದಲ್ಲಿ ಒಂದು ಚಿಕ್ಕ "ಓ" ಕೂಡ ಈ ಕೆಲಸ ಮಾಡುತ್ತದೆ. "ಅಣ್ಣ ಮಿತಭಾಷಿ. ತಮ್ಮನೋ, ಬಾಯಿ ಮುಚ್ಚಿದ್ದೇ ಇಲ್ಲ." ಆ "ತಮ್ಮನೋ" ಅನ್ನುವುದರಲ್ಲೇ ತಮ್ಮ ಅಣ್ಣನ ಹಾಗಲ್ಲ ಅನ್ನುವುದು ಬಂತು. ತಮ್ಮ ಸುಮ್ಮನಿರುವವನಲ್ಲ, ಹಾಗಾದರೆ ಅಣ್ಣ ಕಡಿಮೆ ಮಾತಿನವ.

ಜೋಡುನುಡಿಗಳೂ ಬಹಳ ಸಹಾಯ ಮಾಡುತ್ತವೆ. ದವಸಧಾನ್ಯ, ಕಷ್ಟಕಾರ್ಪಣ್ಯ, ರೀತಿರಿವಾಜು. ಒಂದು ಗೊತ್ತಿದ್ದರೆ ಇನ್ನೊಂದು ಅದರ ಹತ್ತಿರದ್ದೇ. ಆದರೆ ಎಲ್ಲ ಜೋಡಿಯೂ ಹಾಗಲ್ಲ. ಏಳುಬೀಳು, ನೋವುನಲಿವು ಇವು ಒಂದಕ್ಕೊಂದು ವಿರುದ್ಧ. "ನಲಿವು" ಗೊತ್ತಿಲ್ಲದ ಮಗು ಅದನ್ನೂ ನೋವು ಅಂತಲೇ ತಿಳಿದುಕೊಳ್ಳಬಹುದು. ಅಂಥಲ್ಲಿ ಮುಂದಿನ ಸಾಲು ನೋಡಲೇಬೇಕು.

ಪದವನ್ನೇ ಒಡೆದು ನೋಡಿದರೆ ಅರ್ಥ ಸಿಗುತ್ತದೆಯಾ?

ಎಷ್ಟೋ ಸಲ ಸಿಗುತ್ತದೆ. "ಕಂಬನಿ" ನೋಡಿ. ಕಣ್ ಮತ್ತು ಪನಿ. ಪನಿ ಅಂದರೆ ಹನಿ. ಕಣ್ಣಿನ ಹನಿ, ಕಣ್ಣೀರು. "ಹೊಂಬಣ್ಣ" ಅಂದರೆ ಹೊನ್ನಿನ ಬಣ್ಣ. ಕನ್ನಡದಲ್ಲಿ ಎರಡು ಪದ ಕೂಡಿದಾಗ ಎರಡನೇ ಪದದ ಮೊದಲ ಅಕ್ಷರ ಬದಲಾಗುವುದುಂಟು. ಮಳೆ ಮತ್ತು ಕಾಲ ಕೂಡಿ ಮಳೆಗಾಲ, ಬೆಟ್ಟ ಮತ್ತು ತಾವರೆ ಕೂಡಿ ಬೆಟ್ಟದಾವರೆ. ಆದೇಶ ಸಂಧಿ ಅಂತ ವ್ಯಾಕರಣದಲ್ಲಿ ಓದಿ ಮರೆತದ್ದು ಇದೇ. ಅಂಕ ಬರಲಿ ಅಂತ ಕಲಿತದ್ದು ಓದುವಾಗ ಕೆಲಸಕ್ಕೆ ಬರುವುದು ಹೀಗೆ.

ಒಂದು ಎಚ್ಚರಿಕೆ. ಒಡೆದು ಸಿಕ್ಕ ಅರ್ಥವನ್ನು ವಾಕ್ಯದಲ್ಲಿ ಇಟ್ಟು ನೋಡದೆ ಒಪ್ಪಬೇಡಿ. "ಅಮೂಲ್ಯ" ಪದದ ಮೊದಲಿನ "ಅ" ಅಕ್ಷರ "ಇಲ್ಲ" ಅನ್ನುವ ಅರ್ಥ ಕೊಡುತ್ತದೆ. ಮೂಲ್ಯ ಅಂದರೆ ಬೆಲೆ. ಹಾಗಂತ ಬೆಲೆ ಇಲ್ಲದ್ದು, ಕೆಲಸಕ್ಕೆ ಬಾರದ್ದು ಅಂತ ಅರ್ಥ ಮಾಡಿದರೆ? "ಅಜ್ಜಿ ಕೊಟ್ಟ ಅಮೂಲ್ಯ ಸಲಹೆಯನ್ನು ಆಕೆ ಜೀವನಪೂರ್ತಿ ಪಾಲಿಸಿದಳು" ಅನ್ನುವ ವಾಕ್ಯಕ್ಕೆ ಅದು ಹೊಂದುವುದಿಲ್ಲ. ಬೆಲೆ ಕಟ್ಟಲು ಆಗದ್ದು ಅಂದರೆ ಹೊಂದುತ್ತದೆ. ಕೊನೆಯ ತೀರ್ಪು ಯಾವಾಗಲೂ ವಾಕ್ಯದ್ದೇ.

ಸಂದರ್ಭ ನೋಡಿದರೆ ಎಲ್ಲ ಪದದ ಅರ್ಥವೂ ತಿಳಿಯುತ್ತದಾ?

ಇಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಊಹೆಯನ್ನೇ ಅರ್ಥ ಅಂತ ನಂಬಿಬಿಡುತ್ತಾರೆ.

"ನೀರಿನ ಅಭಾವದಿಂದ ಬೆಳೆ ಹಾಳಾಯಿತು." ಅಭಾವ ಅಂದರೆ ಏನು? ನೀರು ಜಾಸ್ತಿಯಾದರೂ ಬೆಳೆ ಹಾಳಾಗುತ್ತದೆ, ಕಡಿಮೆಯಾದರೂ ಹಾಳಾಗುತ್ತದೆ. ಕೃಷ್ಣೆಯ ದಂಡೆಯ ಮಕ್ಕಳು ಹೊಲಕ್ಕೆ ನೀರು ನುಗ್ಗಿದ್ದನ್ನು ಕಂಡಿರುತ್ತಾರೆ, "ಹೊಳೆ ಬಂತು" ಅಂತ ತಿಳಿದುಕೊಳ್ಳುತ್ತಾರೆ. ಹೊಳೆಯಿಂದ ದೂರದ ಒಣಬೇಸಾಯದ ಊರಿನ ಮಗು ನೀರೇ ಇರಲಿಲ್ಲ ಅನ್ನುತ್ತದೆ. ಇಬ್ಬರೂ ಬುದ್ಧಿ ಓಡಿಸಿಯೇ ಹೇಳಿದ್ದು. ವಾಕ್ಯದಲ್ಲಿ ಸುಳಿವು ಸಾಲದು, ಅಷ್ಟೇ. ಮುಂದೆ "ಕೊಳವೆಬಾವಿಯೂ ಬತ್ತಿತ್ತು" ಅಂತ ಇದ್ದರೆ ಉತ್ತರ ಸಿಕ್ಕಿತು. ಇಲ್ಲದಿದ್ದರೆ ನಿಘಂಟು ತೆಗೆಯಬೇಕು.

ನುಡಿಗಟ್ಟು ಬಂದಿದೆ ಅಂತ ಗೊತ್ತಾಗುವುದು ಹೇಗೆ? ಪದಗಳೆಲ್ಲ ಗೊತ್ತಿದ್ದರೂ ಅರ್ಥ ಆಗುವುದಿಲ್ಲವಲ್ಲ.

ಅದೇ ಗುರುತು. ಒಂದೊಂದೇ ಪದ ಗೊತ್ತು, ಕೂಡಿಸಿದರೆ ಮಾತು ಕೂಡುವುದಿಲ್ಲ. ಆಗ ಅದು ನೇರ ಮಾತಲ್ಲ ಅಂತ ತಿಳಿಯಿರಿ. ನಮ್ಮ ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಮುಖ್ಯಾರ್ಥಕ್ಕೆ ಬಾಧೆ ಬರುವುದು ಅನ್ನುತ್ತಾರೆ. ಪದದ ಸಾಮಾನ್ಯ ಅರ್ಥ ಇಟ್ಟರೆ ವಾಕ್ಯ ನಿಲ್ಲುವುದಿಲ್ಲ, ಆಗ ಓದುವವರು ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥಕ್ಕೆ ಹೋಗಬೇಕು. ಅದು ಲಕ್ಷ್ಯಾರ್ಥ. "ಬನದ ಹುಣ್ಣಿಮೆಗೆ ಊರಿಗೆ ಊರೇ ಬನಶಂಕರಿಗೆ ಹೋಗಿತ್ತು." ಮನೆ, ಗುಡಿ, ಬಾವಿ ಎದ್ದು ಜಾತ್ರೆಗೆ ಹೋಗುವುದಿಲ್ಲ. ಹೋದದ್ದು ಊರಿನ ಜನ.

ಮೇಲಿನ ಹಗೇವಿನ ಸಾಲುಗಳಿಗೇ ವಾಪಸ್ ಬರೋಣ. "ಹಿಂಗಾರಿ ಕೈಕೊಟ್ಟಿತು." ಮಳೆಗೆ ಕೈ ಇಲ್ಲ. ಹಾಗಾದರೆ ಮಳೆ ಏನು ಮಾಡಿತು? ಮುಂದಿನ ಸಾಲಿನಲ್ಲಿ ಚೀಲ ಬರಿದಾಗಿದೆ. ಒಳ್ಳೆಯದು ಮಾಡಿದ್ದರೆ ಚೀಲ ತುಂಬಬೇಕಿತ್ತು. ಕೈಕೊಡು ಅಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಈ "ನಡುನೀರು" ಕೂಡ ನೇರ ಮಾತಲ್ಲ, ಗಮನಿಸಿದಿರಾ? ನುಡಿಗಟ್ಟು ಬಿಟ್ಟು ಒಂದು ಪ್ಯಾರಾ ಬರೆಯುವುದೇ ಕಷ್ಟ.

ಒಂದೇ ಮಾತು ಒಂದು ಕಡೆ ನೇರ, ಇನ್ನೊಂದು ಕಡೆ ನುಡಿಗಟ್ಟು ಆಗುವುದೂ ಉಂಟು. "ಎರಡು ರೊಟ್ಟಿ ಹೊಟ್ಟೆಗೆ ಹಾಕಿಕೊಂಡು ಹೊಲಕ್ಕೆ ಹೋದ" ಅಂದಾಗ ತಿಂದ ಅಂತ ಅರ್ಥ. "ನಮ್ಮ ಹುಡುಗನ ತಪ್ಪು ಹೊಟ್ಟೆಗೆ ಹಾಕಿಕೊಳ್ರಿ" ಅಂದಾಗ ಕ್ಷಮಿಸಿ ಅಂತ ಅರ್ಥ. ರೊಟ್ಟಿ ಇದೆಯೋ ತಪ್ಪು ಇದೆಯೋ ಅನ್ನುವುದೇ ಸುಳಿವು.

ನುಡಿಗಟ್ಟುಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಬೇಗ ಬರುತ್ತದಲ್ಲಾ?

ಪರೀಕ್ಷೆಯ ಒಂದು ಅಂಕಕ್ಕೆ ಬರಬಹುದು. ಓದುವುದಕ್ಕೆ ಬರುವುದಿಲ್ಲ. ಆ ಮಾತು ಎಲ್ಲಿಂದ ಹುಟ್ಟಿತು ಅಂತ ತೋರಿಸಿದರೆ ಮರೆಯುವುದಿಲ್ಲ.

"ಹಾಸುಹೊಕ್ಕು" ಅನ್ನುವ ಮಾತು ಪಠ್ಯಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. "ಹಾಡು ಹಳ್ಳಿಯ ಬದುಕಿನಲ್ಲಿ ಹಾಸುಹೊಕ್ಕಾಗಿದೆ" ಅನ್ನುವ ಥರ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ಹಾಸು. ಲಾಳಿ ಅತ್ತಿಂದಿತ್ತ ಓಡುತ್ತಾ ಅಡ್ಡಕ್ಕೆ ಹೊಗಿಸುವ ಎಳೆ ಹೊಕ್ಕು. ಎರಡೂ ಒಂದರ ಮೇಲೆ ಒಂದು, ಒಂದರ ಕೆಳಗೆ ಒಂದು ಹೋಗಿ ಸೀರೆ ಆಗುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಬರೀ ನೂಲು. ಈಗ ಆ ವಾಕ್ಯ ಮತ್ತೊಮ್ಮೆ ಓದಿ. ಹಾಡನ್ನು ತೆಗೆದರೆ ಹಳ್ಳಿಯ ಬದುಕು ಬಿಚ್ಚಿಹೋಗುತ್ತದೆ ಅಂತ ಬರೆದವರು ಹೇಳುತ್ತಿದ್ದಾರೆ. "ತುಂಬಿಕೊಂಡಿದೆ" ಅಂತ ಪಟ್ಟಿಯಲ್ಲಿ ಕೊಡುವ ಅರ್ಥದಲ್ಲಿ ಇದು ಬರುವುದಿಲ್ಲ. ತರಗತಿಯಲ್ಲಿ ನೇಕಾರರ ಮನೆಯ ಮಗು ಇದ್ದರೆ ಆ ಮಗುವಿನ ಬಾಯಿಂದಲೇ ಹೇಳಿಸಿ. ಉಳಿದವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಗಾದೆ ಮಾತು?

ಅಲ್ಲೂ ಅದೇ ದಾರಿ. ವಿಜಯಪುರದ ಕಡೆ "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಅನ್ನುತ್ತಾರೆ. ಊರಿಂದ ಊರಿಗೆ ಒಂದೆರಡು ಪದ ಬದಲಾಗುತ್ತದೆ. ಬೇರೆ ಕಡೆಯಿಂದ ಬಂದವರು ಕೇಳಿದರೆ ಮೊದಲು ದೋಣಿ ನೆನಪಾಗುತ್ತದೆ. ಆದರೆ ದೋಣಿ ಬೆಳೆಯುವುದಿಲ್ಲ. ಬೆಳೆಯುವುದು ಹೊಲ. ಜೊತೆಗೆ ಕಾಳು ಅಂತಲೂ ಇದೆ. ಹಾಗಾದರೆ ಡೋಣಿ ಅನ್ನುವುದು ಒಂದು ಸೀಮೆ ಇರಬೇಕು. ಹೌದು, ಡೋಣಿ ನದಿಯ ಅಕ್ಕಪಕ್ಕದ ಕಪ್ಪುಮಣ್ಣಿನ ಹೊಲಗಳು. ಅಲ್ಲಿ ಬಿಳಿಜೋಳ ಚೆನ್ನಾಗಿ ಬಂದರೆ ಓಣಿ ಓಣಿಯಲ್ಲೂ ಕಾಳು ಅನ್ನುವಷ್ಟು ಸಮೃದ್ಧಿ. ಓಣಿಯಲ್ಲಿ ಕಾಳು ಚೆಲ್ಲಿರುವುದಿಲ್ಲ, ಹಿಗ್ಗಿನಿಂದ ಹಾಗೆ ಹೇಳುವುದು. ಗಾದೆ ವಿಸ್ತರಿಸಿ ಅಂತ ಕೇಳಿದಾಗ ಈ ಕ್ರಮದಲ್ಲೇ ಬರೆಯಬಹುದು: ನೇರ ಅರ್ಥ, ಅದು ಎಲ್ಲಿ ಹೊಂದುವುದಿಲ್ಲ, ಒಳ ಅರ್ಥ, ಈಗಿನ ಒಂದು ಉದಾಹರಣೆ.

ಉಪಮೆ, ರೂಪಕ ಅಂತ ಹೆಸರು ಗುರುತಿಸುತ್ತಾರೆ. ಆದರೆ ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ.

ನಮ್ಮ ಕಲಿಸುವಿಕೆಯಲ್ಲಿ ನನಗೆ ಬಹಳ ಬೇಸರ ತರುವ ವಿಷಯ ಇದು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಮನೆ ಗೀಚಿ ತುಂಬಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹೆಸರು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದನ್ನೇ ಯಾಕೆ ಹೋಲಿಸಿದರು? "ಅಂತೆ", "ಹಾಗೆ", "ವೊಲ್" ಇದ್ದರೆ ಹೋಲಿಕೆ ಎದ್ದು ಕಾಣುತ್ತದೆ. ರೂಪಕದಲ್ಲಿ ಆ ಗುರುತೂ ಇರುವುದಿಲ್ಲ, ಇದೇ ಅದು ಅಂದುಬಿಡುತ್ತಾರೆ.

ಬಸವಣ್ಣನವರ ವಚನವನ್ನೇ ನೋಡಿ. ಬಸವನಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಓದಿದವರು, ನಮ್ಮ ನೆಲದವರು. ಉಳ್ಳವರು ಶಿವಾಲಯ ಮಾಡುತ್ತಾರೆ, ಬಡವನಾದ ನಾನೇನು ಮಾಡಲಿ ಅನ್ನುತ್ತಾರೆ. ಆಮೇಲೆ "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ" ಅನ್ನುತ್ತಾರೆ. ಕೊನೆಗೆ "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ." ಮಕ್ಕಳು ಈ ಕೊನೆಯ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ.

ಮೊದಲು ಸಂಧಿ ಬಿಡಿಸಿ: ಸ್ಥಾವರಕ್ಕೆ ಅಳಿವು ಉಂಟು, ಜಂಗಮಕ್ಕೆ ಅಳಿವು ಇಲ್ಲ. ಉಂಟು, ಇಲ್ಲ ಎರಡೂ ಎದುರು ಬದುರು. ಹಾಗಾದರೆ ಸ್ಥಾವರ, ಜಂಗಮವೂ ಎದುರು ಬದುರು. ಈಗ ಮೇಲಿನ ಸಾಲಿನಲ್ಲಿ ಎದುರು ಬದುರು ಇರುವುದು ಯಾವುದು? ಕಲ್ಲಿನ ಶಿವಾಲಯ ಒಂದು ಕಡೆ, ನಡೆದಾಡುವ ಮನುಷ್ಯ ಇನ್ನೊಂದು ಕಡೆ. ಒಂದು ಕಟ್ಟಿದಲ್ಲೇ ನಿಲ್ಲುತ್ತದೆ, ಒಂದು ಚಲಿಸುತ್ತದೆ. ಜಂಗಮರು ಊರಿಂದ ಊರಿಗೆ ಸಂಚರಿಸುವುದನ್ನು ಕೇಳಿ ಗೊತ್ತಿರುವ ಮಕ್ಕಳಿಗೆ ಅರ್ಧ ಅರ್ಥ ಆಗಲೇ ಸಿಕ್ಕಿರುತ್ತದೆ. ನಿಂತದ್ದು ಅಳಿಯುತ್ತದೆ, ನಡೆಯುವುದು ಅಳಿಯುವುದಿಲ್ಲ. ಈಗ ಮೇಲೆ ಹೋಗಿ ಮತ್ತೆ ಓದಿದರೆ ಕಾಲು ಕಂಬ ಯಾಕಾಯಿತು ಅಂತ ತಿಳಿಯುತ್ತದೆ. ಇದು ನಡೆಯುವ ಕಂಬ! ಉಳ್ಳವರು ಕಟ್ಟಿದ ಗುಡಿಯ ಕಂಬಕ್ಕೆ ಆಗದ ಕೆಲಸ. ಬಡವ ಅನ್ನುವ ಪದದಲ್ಲಿ ಮೊದಲು ಕಂಡ ಸಂಕೋಚ ಕೊನೆಗೆ ಎಲ್ಲಿಗೆ ಹೋಯಿತು ಅಂತ ಮಕ್ಕಳನ್ನು ಕೇಳಿ. ಅವರೇ ಹೇಳುತ್ತಾರೆ.

ಹಳಗನ್ನಡಕ್ಕೂ ಈ ದಾರಿ ನಡೆಯುತ್ತದಾ?

ನಡೆಯುತ್ತದೆ, ಒಂದು ಬೀಗದಕೈ ಜೊತೆಗಿರಬೇಕು. ಹಳಗನ್ನಡದ ಪದದ ಮೊದಲಲ್ಲಿ "ಪ" ಇದ್ದರೆ ಅಲ್ಲಿ "ಹ" ಇಟ್ಟು ನೋಡಿ. ಪಾಲ್ ಹಾಲು, ಪೋಗು ಹೋಗು, ಪೊಸ ಹೊಸ. ಎಲ್ಲ ಕಡೆ ಅಲ್ಲದಿದ್ದರೂ ಬಹಳ ಕಡೆ ಬಾಗಿಲು ತೆರೆಯುತ್ತದೆ.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಅನ್ನುವ ವೀರನನ್ನು ಹೊಗಳುವ ಶಾಸನ ಇದೆ. ಸುಮಾರು ಕ್ರಿ.ಶ. 700ರದ್ದು. ಕನ್ನಡದ ಬಹಳ ಹಳೆಯ ತ್ರಿಪದಿಗಳು ಅದರಲ್ಲಿವೆ. ಬಹಳ ಮಕ್ಕಳು ಪ್ರವಾಸದಲ್ಲಿ ಬಾದಾಮಿಗೆ ಹೋಗಿ ಗುಹೆ ನೋಡಿ ಬರುತ್ತಾರೆ, ಈ ಬಂಡೆಯ ಕಡೆ ಹೋಗುವುದಿಲ್ಲ. ಕರೆದುಕೊಂಡು ಹೋಗಿ.

"ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ ಮಾಧವನೀತನ್ ಪೆರನಲ್ಲ."

ಮೊದಲ ಎರಡು ಮಾತು ಈಗಿನ ಕನ್ನಡದವರಿಗೂ ಸುಲಭ. ಒಳ್ಳೆಯವರಿಗೆ ಒಳ್ಳೆಯವ, ಸಿಹಿಯಾಗಿರುವವರಿಗೆ ಸಿಹಿ. ಹಾಗಾದರೆ ಮೂರನೆಯದೂ "ಇಂಥವರಿಗೆ ಇಂಥವ" ಅಂತಲೇ ಇರಬೇಕು. "ಬಾಧಿಪ್ಪ" ಅಂದರೆ ಬಾಧಿಸುವ. ತೊಂದರೆ ಕೊಡುವವರಿಗೆ ಇವನು ವಿಪರೀತದವನು, ಎದುರಾಳಿ. ಕೊನೆಯ "ಪೆರನಲ್ಲ" ನೋಡಿ. ಪ ತೆಗೆದು ಹ ಇಡಿ: ಹೆರನಲ್ಲ. ಹೆರವರು ಅಂದರೆ ಬೇರೆಯವರು. ಇವನು ಮಾಧವನೇ, ಬೇರೆಯವನಲ್ಲ. ಮಾಧವನ ಹಾಗಿದ್ದಾನೆ ಅನ್ನಲಿಲ್ಲ, ಮಾಧವನೇ ಅಂದರು. ಅಲ್ಲಿಗೆ ರೂಪಕವೂ ಸಿಕ್ಕಿತು. ಸಾವಿರದ ಮುನ್ನೂರು ವರ್ಷದ ಹಿಂದಿನ ಮಾತು ಒಂಬತ್ತನೇ ತರಗತಿಯ ಮಗುವಿಗೆ ನಿಘಂಟಿಲ್ಲದೆ ಇಷ್ಟು ತಿಳಿದರೆ ಎಷ್ಟು ಸಂತೋಷ ಅಲ್ವಾ!

ಇದು ಇಂಗ್ಲಿಷ್ ಕಲಿಕೆಯಿಂದ ಬಂದ ಹೊಸ ಪದ್ಧತಿಯಾ?

ಅಲ್ಲ. ಸುಮಾರು 5ನೇ ಶತಮಾನದ ಭರ್ತೃಹರಿ ಅನ್ನುವ ವ್ಯಾಕರಣಕಾರ, ಒಂದು ಪದಕ್ಕೆ ಹಲವು ಅರ್ಥ ಇದ್ದಾಗ ಯಾವುದು ಸರಿ ಅಂತ ಹೇಗೆ ತೀರ್ಮಾನಿಸಬೇಕು ಅಂತ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜೊತೆಗಿರುವ ಪದ, ವಿರೋಧ, ಪ್ರಕರಣ, ಸ್ಥಳ, ಕಾಲ ಎಲ್ಲ ಅದರಲ್ಲಿವೆ. ಹಳೆಯ ಪಂಡಿತರು ಕೊಡುತ್ತಿದ್ದ ಉದಾಹರಣೆ ಸೈಂಧವ. ಆ ಪದಕ್ಕೆ ಉಪ್ಪು ಅಂತಲೂ ಕುದುರೆ ಅಂತಲೂ ಅರ್ಥ ಇದೆ. ಊಟಕ್ಕೆ ಕುಳಿತವನು "ಸೈಂಧವ ತಾ" ಅಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಅಂದರೆ ಕುದುರೆ.

ನಮ್ಮ ಮನೆ ಮಾತು ಮರಾಠಿ. ಮಗಳು ಬೆಳಗಾವಿಯಲ್ಲಿ ಕನ್ನಡ ಓದುತ್ತಾಳೆ. ಅವಳಿಗೆ ಇದು ಕಷ್ಟವಾ?

ಸ್ವಲ್ಪ ಕಷ್ಟ, ಸ್ವಲ್ಪ ಅನುಕೂಲ. ಕನ್ನಡ ಮರಾಠಿ ಎರಡರಲ್ಲೂ ಸಂಸ್ಕೃತದಿಂದ ಬಂದ ಪದಗಳು ರಾಶಿ ಇವೆ. ಕಾದಂಬರಿ ಅನ್ನುವ ಪದ ಎರಡು ಕಡೆಯೂ ಒಂದೇ. ಉರ್ದು ಮನೆಮಾತಿನ ವಿಜಯಪುರದ ಮಕ್ಕಳಿಗೂ ದವಾಖಾನೆ, ಜಮೀನು, ತಕರಾರು, ವಕೀಲ ಇವೆಲ್ಲ ಮೊದಲೇ ಗೊತ್ತು. ಆದರೆ ರೂಪ ಒಂದೇ ಇದ್ದು ಅರ್ಥ ಜಾರಿದ ಪದಗಳ ಬಗ್ಗೆ ಹುಷಾರಾಗಿರಬೇಕು. ಕನ್ನಡದ ದಿನದ ಮಾತಿನಲ್ಲಿ "ಅನುಮಾನ" ಅಂದರೆ ಸಂಶಯ. ಮರಾಠಿ, ಹಿಂದಿಯಲ್ಲಿ ಅಂದಾಜು, ಊಹೆ. "ಅವನ ಮೇಲೆ ನನಗೆ ಅನುಮಾನ" ಅನ್ನುವಲ್ಲಿ ಅಂದಾಜು ಅಂತ ಇಟ್ಟು ನೋಡಲು ಹೇಳಿ. ಕೂಡುವುದಿಲ್ಲ ಅಂತ ಅವಳಿಗೇ ತಿಳಿಯುತ್ತದೆ.

ಕನ್ನಡ ಮನೆಮಾತಿನವರಿಗೂ ಈ ತೊಡಕು ಇದ್ದದ್ದೇ. ನಮ್ಮ ಕಡೆ ದೊಡ್ಡ ಬೇವಿನ ಮರಕ್ಕೂ ಬೇವಿನ ಗಿಡ ಅನ್ನುತ್ತೇವೆ. ಪಠ್ಯದಲ್ಲಿ ಗಿಡ ಅಂದರೆ ಚಿಕ್ಕದು.

ವ್ಯಂಗ್ಯ ಹೇಗೆ ತಿಳಿಯುವುದು?

"ಭಾಳ ಶಾಣ್ಯಾ ಇದ್ದೀ ಬಿಡಪಾ." ಮೊದಲ ಸ್ಥಾನ ಬಂದವನಿಗೆ ಹೇಳಿದರೆ ಹೊಗಳಿಕೆ. ಹಾಲಿನ ಪಾತ್ರೆ ಉರುಳಿಸಿದವನಿಗೆ ಹೇಳಿದರೆ ಬೈಗುಳ. ಮಾತಿನಲ್ಲಿ ದನಿ ಹೇಳಿಬಿಡುತ್ತದೆ. ಬರಹದಲ್ಲಿ ದನಿ ಇಲ್ಲ. ಹಾಗಾಗಿ ಆ ಮಾತಿನ ಹಿಂದೆ ಏನು ನಡೆಯಿತು ಅಂತಲೇ ನೋಡಬೇಕು. ನಡೆದದ್ದಕ್ಕೂ ಆಡಿದ ಮಾತಿಗೂ ತಾಳ ಕೂಡದಿದ್ದರೆ ವ್ಯಂಗ್ಯ.

ಪರೀಕ್ಷೆಯಲ್ಲಿ ಇದರಿಂದ ಏನು ಉಪಯೋಗ?

"ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಅನ್ನುವ ಪ್ರಶ್ನೆಯೇ ಇದೆಯಲ್ಲ! ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ ಬರೆಯುತ್ತಾರೆ. ಮೊದಲ ಎರಡು ಎಲ್ಲರೂ ಬರೆಯುತ್ತಾರೆ. ಸ್ವಾರಸ್ಯ ಬಂದಾಗ ಕೊಟ್ಟ ವಾಕ್ಯವನ್ನೇ ತಿರುಗಿಸಿ ಬರೆದು ಕೈಬಿಡುತ್ತಾರೆ. ಆ ಮಾತು ಆ ಹೊತ್ತಿನಲ್ಲಿ ಅವರ ಬಾಯಿಂದಲೇ ಯಾಕೆ ಬಂತು, ಬೇರೆಯವರು ಹೇಳಿದ್ದರೆ ಏನು ಬದಲಾಗುತ್ತಿತ್ತು ಅಂತ ಯೋಚಿಸಿ ಬರೆದರೆ ಅದೇ ಸ್ವಾರಸ್ಯ. ಅಪಠಿತ ಗದ್ಯಕ್ಕೆ ಗೈಡು ಇರುವುದೇ ಇಲ್ಲ. ಅಲ್ಲಿ ಕೈಹಿಡಿಯುವುದು ಈ ಅಭ್ಯಾಸ ಒಂದೇ.

ನಿಘಂಟು ಯಾವಾಗ ನೋಡಬೇಕು? ಹೇಗೆ ನೋಡಬೇಕು?

ಊಹೆ ಮಾಡಿದ ಮೇಲೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ನಿಮ್ಮ ಊಹೆ ಬರೆಯಿರಿ, ಆಮೇಲೆ ನಿಘಂಟು ತೆರೆಯಿರಿ. ಸರಿಯಾದರೂ ತಪ್ಪಾದರೂ ಆ ಪದ ನೆನಪಿನಲ್ಲಿ ಉಳಿಯುತ್ತದೆ.

ನಿಘಂಟು ನೋಡುವುದಕ್ಕೂ ಸಂದರ್ಭ ಬೇಕು ಅನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. "ಮಳೆ ಬಿತ್ತು." "ಜೋಳ ಬಿತ್ತು." ಅಕ್ಷರ ಒಂದೇ. ಮೊದಲನೆಯದು "ಬೀಳು" ಅನ್ನುವಲ್ಲಿ ಸಿಗುತ್ತದೆ, ಎರಡನೆಯದು "ಬಿತ್ತು" ಅನ್ನುವಲ್ಲೇ ಸಿಗುತ್ತದೆ. ಯಾವ ಪುಟ ತೆರೆಯಬೇಕು ಅಂತ ಮಳೆ, ಜೋಳ ಹೇಳಬೇಕು. ಪುಟ ಸಿಕ್ಕ ಮೇಲೂ ಅಲ್ಲಿ ಹಲವು ಅರ್ಥ ಇರುತ್ತವೆ. ಮೊದಲನೆಯದನ್ನೇ ಬರೆದುಕೊಳ್ಳಬೇಡಿ. ಒಂದೊಂದನ್ನೂ ವಾಕ್ಯದಲ್ಲಿ ಇಟ್ಟು ಓದಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಕನ್ನಡ-ಕನ್ನಡ ನಿಘಂಟು ಇರಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನದು 8 ಸಂಪುಟಗಳಲ್ಲಿದೆ, ಬಳಕೆಯ ಉದಾಹರಣೆಗಳನ್ನೂ ಕೊಡುತ್ತದೆ. 1894ರಲ್ಲಿ ಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹಳೆಯ ಪದಗಳಿಗೆ ಈಗಲೂ ಬಹಳ ಉಪಯೋಗ.

ಪುಟದ ತುಂಬ ಗೊತ್ತಿಲ್ಲದ ಪದಗಳೇ ಇದ್ದರೆ?

ಪುಸ್ತಕ ಬದಲಿಸಿ. ಸುಳಿವು ಕೊಡುವ ಪದಗಳೇ ಗೊತ್ತಿಲ್ಲದಿದ್ದರೆ ಊಹೆ ನಡೆಯುವುದಿಲ್ಲ. ಇಂಗ್ಲಿಷ್ ಕಥೆ ಓದುವವರ ಮೇಲೆ ಹು ಮತ್ತು ನೇಷನ್ ಅನ್ನುವವರು ಮಾಡಿದ ಅಧ್ಯಯನ 2000ದಲ್ಲಿ ಬಂತು. ಯಾರ ಸಹಾಯವೂ ಇಲ್ಲದೆ ಚೆನ್ನಾಗಿ ಅರ್ಥ ಮಾಡಿಕೊಳ್ಳಲು 100ರಲ್ಲಿ ಸುಮಾರು 98 ಪದ ಗೊತ್ತಿರಬೇಕು ಅಂತ ಅವರು ಹೇಳಿದರು. ಕನ್ನಡದ ಪದಗಳು ಪ್ರತ್ಯಯ ಹತ್ತಿಸಿಕೊಂಡು ಉದ್ದವಾಗುವುದರಿಂದ ಆ ಲೆಕ್ಕ ಹಾಗೇ ಕೂಡುವುದಿಲ್ಲ. ಆದರೂ ಒಂದು ಪ್ಯಾರಾದಲ್ಲಿ ಮೇಲಿಂದ ಮೇಲೆ ತಡವರಿಸಿದರೆ ಆ ಪುಸ್ತಕ ಮುಂದಿನ ವರ್ಷಕ್ಕಿರಲಿ.

ನಾವು ಸಾಲಿ ಕಲಿತವರಲ್ಲ. ಮನೆಯಲ್ಲಿ ಮಕ್ಕಳಿಗೆ ಏನು ಹೇಳಿಕೊಡುವುದು?

ಒಗಟು ಹೇಳಿ. ನಿಮಗೆ ಬರುವಷ್ಟು ನಮಗೆ ಬರುವುದಿಲ್ಲ. "ನೀರಲ್ಲಿ ಹುಟ್ಟುತ್ತದೆ, ನೀರು ಸೋಕಿದರೆ ಸಾಯುತ್ತದೆ" ಅಂತ ಕೇಳಿ. ಮಗು ಮೀನು ಅಂದರೆ, ನೀರು ಸೋಕಿದರೆ ಮೀನು ಸಾಯುತ್ತದೇನು ಅಂತ ಕೇಳಿ. ಮಗು ಮತ್ತೆ ಹಿಂದಕ್ಕೆ ಹೋಗಿ ಎರಡೂ ಮಾತು ಕೂಡಿಸಿ ನೋಡುತ್ತದೆ. ಸಾಯುವುದು ಅಂದರೆ ಕರಗುವುದು ಇರಬಹುದು ಅಂತ ಹೊಳೆದ ಕೂಡಲೇ ಉಪ್ಪು ಅನ್ನುತ್ತದೆ. ಒಂದು ಮಾತಿನ ನೇರ ಅರ್ಥ ಬಿಟ್ಟು ಒಳ ಅರ್ಥಕ್ಕೆ ಹೋದದ್ದು, ಊಹೆಯನ್ನು ಉಳಿದ ಮಾತಿನ ಜೊತೆ ತಾಳೆ ನೋಡಿದ್ದು, ಎರಡೂ ಅಲ್ಲೇ ಆಯಿತು. ಉತ್ತರ ಮಾತ್ರ ಬೇಗ ಹೇಳಬೇಡಿ. ಮಗು ಕೇಳಿದರೆ ಇನ್ನೊಂದು ಸುಳಿವು ಕೊಡಿ: "ಅಡಿಗೆ ಮನ್ಯಾಗ ಐತಿ ನೋಡು."